ಏಳನೇ ಹಾಸಿಗೆಯ ಬಿಸಿ

ನಾನು ಮಂಡಿಯ ಹರಿದ ಲಿಗಮೆಂಟ್ ಸರಿಪಡಿಸುವ ವೈದ್ಯ. ಈಗ ಹೇಳುವುದನ್ನು ನಂಬಿದರೆ ನಂಬಿ, ಬಿಟ್ಟರೆ ಬಿಡಿ.

ಅಂಚೆ ಹಂಚುವವನೊಬ್ಬನ ಆಪರೇಷನ್ ಆಗಿ ಮೂರನೇ ದಿನ ನರ್ಸ್, "ಸಾರ್, ಏಳನೇ ಬೆಡ್ಡಿನವ್ರ ಮೀನಖಂಡ ಊದಿ ಬಿಸಿಯಾಗಿದೆ, ಒಂದ್ಸಲ ನೋಡಿ" ಎಂದಳು. "ನಾಳೆ ನೋಡೋಣ" ಎಂದು ಮನೆಗೆ ಹೋದೆ. ಕಾಲಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೇರಿ ಅವನು ಅಂದು ಸಂಜೆಯೇ ತೀರಿಕೊಂಡ.

ಮರುದಿನ ಬೆಳಗ್ಗೆ ಆ ಖಾಲಿ ಹಾಸಿಗೆ ಮುಟ್ಟಿದೆ. ಕಾಲಿದ್ದ ಜಾಗ ಸುಡುತ್ತಿತ್ತು.

"ಮೂರು ಸಲ ಚಾದರ ಬದಲಾಯಿಸಿದೆ ಸಾರ್" ಎಂದಳು ನರ್ಸ್.

ಸಾಮಾನು ಒಯ್ಯಲು ಅವನ ಹೆಂಡತಿ ಬಂದಾಗ ತಡೆಯಲಾಗಲಿಲ್ಲ. "ಅಮ್ಮಾ, ನಿನ್ನೆ ನರ್ಸ್ ಹೇಳಿದ್ರೂ ನಾನು ನೋಡ್ಲಿಲ್ಲ. ತಪ್ಪು ನಂದು" ಎಂದೆ.

ಆಕೆ ಬೈಯಲಿಲ್ಲ. ಹಾಸಿಗೆ ಮುಟ್ಟಿ ನೋಡಿದಳು, ಟವೆಲ್ ಒದ್ದೆ ಮಾಡಿ ಅಲ್ಲಿ ಒತ್ತಿದಳು. "ಈಗ ಹಾಯಾಯ್ತಾ, ರೀ?"

ಖಾಲಿ ಚಾದರದಲ್ಲಿ ಮೆಲ್ಲಗೆ ಒಂದು ಹಿಮ್ಮಡಿಯ ಗುಳಿ ಬಿತ್ತು.