ಕಲ್ಲಿದ್ದಲೂರಿಗೆ ಬಂದ ವೀಳ್ಯ

ನಲ್ಲಗುಂಡದ ಸ್ಟೇಷನ್ನಿನಲ್ಲಿ ಇಳಿದಾಗ ತೇನ್‌ಮೊಳಿ ಮೊದಲು ನೋಡಿದ್ದು ಮಾದವನ್‌ನ ಕೈಗಳನ್ನೇ. ಮೂರು ವರ್ಷದ ಹಿಂದೆ ತನ್ನೂರು ತೇವಾರದ ಮನೆಯಂಗಳದಲ್ಲಿ, ಇಡೀ ಬೀದಿ ನೋಡುತ್ತಿರುವಾಗ, ಅಪ್ಪ ನೀಡಿದ ವೀಳ್ಯವನ್ನು ಈಸಿಕೊಂಡ ಕೈಗಳು. ಈಗ ಅವೇ ಕೈಗಳು ಅಪ್ಪನ ಚೀಲ ತೆಗೆದುಕೊಂಡು ಅವಳ ಬ್ಯಾಗಿಗೂ ಚಾಚಿದವು.

"ಭಾರ ಐತೆ, ಕೊಡು ತೇನು."

"ನನ್ ಭಾರ ನಾನೇ ಹೊತ್ಕೋತೀನಿ ಬಾವ."

ನೋಡಬಾರದು ಅಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಬಡಕಲಾಗಿದ್ದ. ಕಿವಿಯ ಹತ್ತಿರ ನಾಲ್ಕು ಬಿಳಿ ಕೂದಲು. ಅವಳು ನೋಡಿದ್ದು ಗೊತ್ತಾಗಿ, ಅವನು ಅದನ್ನು ಬೆರಳಿನಿಂದ ಮುಚ್ಚಿಕೊಂಡ. ಅವಳಿಗೆ ನಗು ಬಂತು. ಹಾಳಾದ್ದು, ಸಿಟ್ಟು ಮಾಡಬೇಕಾದವನ ಮುಂದೆಯೇ ಬರಬೇಕೆ ಈ ನಗು!

ಮಾದವನ್ ಅವಳ ಸೋದರತ್ತೆ ಜೆಯಂತಿಯ ಮಗ. ಹುಟ್ಟಿದಾಗಿನಿಂದ ಅವಳ ಮೇಲೆ ಹಕ್ಕಿದ್ದ ಮುರೈ ಗಂಡು. ಅವರ ಮನೆತನದಲ್ಲಿ ಹೆಣ್ಣನ್ನು ಹೊರಗೆ ಕೊಡಬೇಕಾದರೆ, ಹೆಣ್ಣಿನ ಅಪ್ಪ ಮೊದಲು ಮುರೈ ಗಂಡಿಗೆ ವೀಳ್ಯ ನೀಡಬೇಕು. ತೆಗೆದುಕೊಂಡನೋ, ಹಕ್ಕು ಬಿಟ್ಟ ಎಂದೇ ಲೆಕ್ಕ. ಬಾಯಿಬಿಟ್ಟು ಒಂದು ಮಾತೂ ಆಡಬೇಕಿಲ್ಲ. ಅಂದು ಅವಳ ಅಪ್ಪ ಪೆರುಮಾಳ್, ಬರೀ ಶಾಸ್ತ್ರಕ್ಕೆಂದು ನೀಡಿದ್ದರು. ಇವನು ಬೇಡ ಅನ್ನುತ್ತಾನೆ, ಮದುವೆ ಮಾತಾಡೋಣ ಎಂದು ಮನೆಯವರೆಲ್ಲ ಕಾದಿದ್ದರು. ಇವನೋ ಎಲೆಯನ್ನು ಬಾಯಿಗೆ ಹಾಕಿಕೊಂಡು ಸುಣ್ಣ ಜಾಸ್ತಿಯಾಯಿತು ಅಂದ. ಮಾರನೆಯ ದಿನ ರೈಲು ಹತ್ತಿದ.

ಆವತ್ತಿನಿಂದ ಅವಳು ಬಂದ ಸಂಬಂಧಗಳನ್ನೆಲ್ಲ ಒಂದಲ್ಲ ಒಂದು ನೆಪ ಹೇಳಿ ತಳ್ಳಿದಳು. ಕೊನೆಗೆ ಸಾಕಾಗಿ ಗೂಡಲೂರಿನ ಈಶ್ವರನ್‌ಗೆ ಹೂಂ ಅಂದಳು. ಮದುವೆಗೆ ಇನ್ನು ಹದಿನೈದೇ ದಿನ. ಮೊದಲ ಪತ್ರಿಕೆಯನ್ನು ಸೋದರತ್ತೆಯ ಮನೆಗೆ ಕೈಯಾರೆ ಕೊಡಬೇಕು, ಅದೂ ವೀಳ್ಯದ ಜೊತೆ. ಅದಕ್ಕೇ ದಿಂಡುಕ್ಕಲ್‌ನಲ್ಲಿ ರೈಲು ಹತ್ತಿ ಇಷ್ಟು ದೂರದ ತೆಲುಗು ಸೀಮೆಗೆ ಬಂದದ್ದು.

ಅತ್ತೆಯ ಮನೆಯಲ್ಲಿ ಊಟವಾದ ಮೇಲೆ ಅಪ್ಪ ಅಡ್ಡಾದರು. ಹುಡುಗಿಗೆ ಊರು ತೋರಿಸಿಕೊಂಡು ಬಾ ಎಂದು ಅತ್ತೆಯೇ ಮಗನನ್ನು ಕಳಿಸಿದಳು. ತೋರಿಸಲು ಏನಿತ್ತು ಮಣ್ಣು! ಬಾಗಿಲು ಕಿತ್ತುಹೋದ ಕ್ವಾರ್ಟರ್ಸ್ ಸಾಲು, ಬೀಗ ಬಿದ್ದ ಸಿನಿಮಾ ಟಾಕೀಸು, ಒಂದು ಕಾಲಕ್ಕೆ ಕಾಲಿಡಲು ಜಾಗವಿರಲಿಲ್ಲವಂತೆ ಅನ್ನುವ ಖಾಲಿ ಸಂತೆ ಮೈದಾನ. ಕಲ್ಲಿದ್ದಲು ಮುಗಿದು ಹನ್ನೆರಡು ವರ್ಷವಾಗಿತ್ತು. ಗಣಿಯ ಬಾಯಿಗೆ ಕಾಂಕ್ರೀಟು ಮೆತ್ತಿದ್ದರು. ಪಕ್ಕದ ಶೆಡ್ಡಿನಲ್ಲಿ ಪಂಪು ಓಡುತ್ತಿತ್ತು. ಗಣಿ ಮುಚ್ಚಿದರೂ ಒಳಗೆ ನೀರು ಏರುತ್ತಲೇ ಇರುತ್ತದೆ, ಎತ್ತದಿದ್ದರೆ ಮೇಲಿನ ಮನೆಗಳು ಕುಸಿಯುತ್ತವೆ ಎಂದು ಮಾದವನ್ ಹೇಳಿದ. ಅವನ ಕೆಲಸ ಅದೇ.

ಅವಳು ಕಾಂಕ್ರೀಟಿನ ಮೇಲೆ ನಿಂತು ಕೇಳಿಯೇಬಿಟ್ಟಳು. "ಆವತ್ತು ಎಲೆ ಯಾಕೆ ಈಸ್ಕೊಂಡೆ ಬಾವ?"

"ಯಾವ ಎಲೆ?"

"ಅಪ್ಪ ಕೊಟ್ಟದ್ದು."

"ಊಟ ಆಗಿತ್ತು, ಮಾಮ ಕೊಟ್ರು. ದೊಡ್ಡೋರು ಕೊಟ್ರೆ ಬೇಡ ಅನ್ನೋದಾ?"

ಅವಳು ಅವನ ಮುಖವನ್ನೇ ನೋಡಿದಳು. ನಾಟಕವಿರಲಿಲ್ಲ. ಹುಟ್ಟಿದ್ದು ಇಲ್ಲಿ, ಓದಿದ್ದು ತೆಲುಗಿನಲ್ಲಿ, ಮನೆಮಾತನ್ನು ಅಮ್ಮನ ಬಾಯಿಂದಷ್ಟೇ ಕೇಳಿ ಬೆಳೆದವನು. ಶಾಸ್ತ್ರದ ಗಂಧವೇ ಇಲ್ಲ. ಅಂದು ಅತ್ತೆ ಕಾಯಿಲೆ ಎಂದು ತೇವಾರಕ್ಕೆ ಬಂದಿರಲಿಲ್ಲ. ಮಗನೇ ಹುಡುಗಿಯನ್ನು ಬೇಡವೆಂದ ಎಂದು ಕೇಳಿ, ನಾಚಿಕೆಯಿಂದ ಆ ಸುದ್ದಿಯನ್ನೇ ಎತ್ತಿರಲಿಲ್ಲ.

ಆ ಎಲೆಯ ಅರ್ಥವನ್ನು ತೇನ್‌ಮೊಳಿ ಹೇಳಿದಳು. ಅರ್ಧ ಹೇಳುವಾಗಲೇ ಅವನು ತಲೆಗೆ ಕೈಕೊಟ್ಟು ಕೂತ.

"ಪಂಪ್ ಓಡ್ಸೋನು ನಿನಗೆ ಸಾಲಲ್ಲ, ಅದಕ್ಕೇ ನೀನು ಸುಮ್ನಾದೆ ಅಂದ್ಕೊಂಡಿದ್ದೆ ತೇನು. ಮೂರು ವರ್ಷ."

"ನಿನಗೆ ಆಸೆ ಇತ್ತಾ?"

"ಇತ್ತಾ ಅಂತ ಕೇಳ್ತೀಯಲ್ಲ. ಐತೆ."

ಅವಳು ಮುಖ ತಿರುಗಿಸಿ ಅತ್ತಳು. ಒಂದು ಎಲೆಗೋಸ್ಕರ ಮೂರು ವರ್ಷ ಸಂಕಟಪಟ್ಟೆನಲ್ಲ ಎಂದು ಅತ್ತಳು, ಗೂಡಲೂರಿನ ಆ ಒಳ್ಳೆಯ ಹುಡುಗನನ್ನು ನೆನೆದೂ ಅತ್ತಳು. ಈಗ ಹೇಳಿ ಏನು ಬಂತು, ಪತ್ರಿಕೆ ಅಚ್ಚಾಗಿದೆ ಎಂದಳು. ಅವನು ಮನೆಯವರೆಗೂ ಒಂದು ಮಾರು ಹಿಂದೆಯೇ ನಡೆದು ಬಂದ.

ಸಂಜೆ ಅಪ್ಪ ಸ್ನಾನ ಮಾಡಿ ತಟ್ಟೆ ಹಿಡಿದರು. ಅರಿಶಿನ ಹಚ್ಚಿದ ಪತ್ರಿಕೆ, ಅದರ ಮೇಲೆ ಮಡಿಸಿದ ವೀಳ್ಯ. ಈ ಮನೆಗೆ ಗಂಡಸು ಅಂತ ನೀನೇ ತಾನೆ, ತಗೋ ಎಂದು ಮಾದವನ್ ಮುಂದೆ ಚಾಚಿದರು.

ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಆವತ್ತು ಗೊತ್ತಿಲ್ದೆ ಈಸ್ಕೊಂಡೆ ಮಾಮಾ. ಇವತ್ತು ಗೊತ್ತೈತೆ. ನಂಗೆ ಬೇಡ."

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡಳು. ಅಪ್ಪನ ಮುಖ ಕಪ್ಪಿಟ್ಟಿತು. ಕೊಟ್ಟ ಮಾತು, ಹಂಚಬೇಕಾದ ಪತ್ರಿಕೆ, ನಾಳೆ ಬೀದಿಯಲ್ಲಿ ತಲೆ ಎತ್ತುವುದು ಹೇಗೆ? ಎಲ್ಲವೂ ಆ ಮುಖದಲ್ಲಿತ್ತು. ತಟ್ಟೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಾರದೆ ಅವರು ಮಗಳ ಕಡೆ ತಿರುಗಿದರು. ನಿನ್ನ ಮನಸ್ಸಲ್ಲಿ ಏನಿದೆ ಎಂದು ಕೇಳಿದರು. ಇಷ್ಟು ವರ್ಷದಲ್ಲಿ ಅವರು ಅದನ್ನು ಕೇಳಿದ್ದು ಅದೇ ಮೊದಲು.

ತೇನ್‌ಮೊಳಿ ತಟ್ಟೆಯಿಂದ ವೀಳ್ಯ ಎತ್ತಿ ತಾನೇ ಅರ್ಧ ಕಡಿದಳು. ಎಂಜಲಾದ ಎಲೆಯನ್ನು ಇನ್ನು ಯಾವ ಶಾಸ್ತ್ರಕ್ಕೂ ನೀಡುವಂತಿರಲಿಲ್ಲ. ಸುಣ್ಣ ನಾಲಿಗೆ ಸುಟ್ಟು ಕಣ್ಣಲ್ಲಿ ನೀರು ಬಂತು.

ಅಪ್ಪ ತಟ್ಟೆ ಕೆಳಗಿಟ್ಟರು. "ಗೂಡಲೂರಿನವರ ಕಾಲು ನಾನೇ ಹಿಡೀಬೇಕು," ಎಂದು ಫೋನು ತೆಗೆದರು. ಅರ್ಧ ನಂಬರ್ ಒತ್ತಿದರು. ಆಮೇಲೆ ಬೇಡವೆಂದು ಫೋನು ಮಡಗಿ, ಇಂಥ ಮಾತು ಫೋನಿನಲ್ಲಿ ಆಡುವುದಲ್ಲ, ಎದುರು ನಿಂತೇ ಹೇಳುತ್ತೇನೆ ಎಂದರು.

"ನಾನೂ ಬರ್ತೀನಿ ಮಾಮಾ," ಎಂದ ಮಾದವನ್. ಆಮೇಲೆ ಬೆನ್ನ ಹಿಂದಿನ ಕೈಯನ್ನು ಮೆಲ್ಲಗೆ ಮುಂದೆ ತಂದು ಅವಳ ಮುಂದೆ ಚಾಚಿದ.

"ಮಾಮ ಕೊಟ್ರೆ ಬೇಡ. ಉಳಿದ ಅರ್ಧ ನೀನು ಕೊಡು ತೇನು."

ಅವಳು ಕೊಟ್ಟಳು.