ಸುದ್ದಿಗೋಡೆಯ ಅಕ್ಕ

ಬಹಳ ಬಹಳ ಹಿಂದೆ, ಗೋಡೆಗೆ ಕಿವಿ ಮಾತ್ರವಲ್ಲ ಬಾಯಿಯೂ ಇದ್ದ ಕಾಲದಲ್ಲಿ, ಚಿತ್ತಾರಪುರ ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಡಂಗುರ ಸಾರುವವರೇ ಇರಲಿಲ್ಲ. ಊರಿನ ಸುದ್ದಿಯೆಲ್ಲ ಕೋಟೆಯ ಗೋಡೆಯ ಮೇಲೆ ಚಿತ್ರವಾಗಿ ಬರುತ್ತಿತ್ತು. ಚೌಕ ಚೌಕವಾಗಿ ಗೆರೆ ಎಳೆದು, ಒಂದೊಂದು ಚೌಕದಲ್ಲಿ ಒಂದೊಂದು ಸುದ್ದಿ ಬರೆಯುತ್ತಿದ್ದರು. ಕಣ್ಣು ಬರೆದೊಡನೆ ಚಿತ್ರಕ್ಕೆ ಜೀವ ಬರುತ್ತಿತ್ತು. ಗೌಡರ ಎಮ್ಮೆ ತನ್ನ ಚೌಕ ಬಿಟ್ಟು ಪಕ್ಕದ ಚೌಕಕ್ಕೆ ನುಗ್ಗಿ ಯಾರದೋ ಮದುವೆಯ ಬಾಳೆಯೆಲೆ ಮೇಯುತ್ತಿತ್ತು. ಜನ ಹೊಟ್ಟೆ ಹಿಡಿದು ನಗುತ್ತಿದ್ದರು.

ಚಿತ್ರಗಾರರಿಗೆ ಒಂದು ಕಟ್ಟಳೆಯಿತ್ತು. ಯಾರನ್ನು ಬರೆದರೂ ಎಡಗಾಲಿನ ಕಿರುಬೆರಳನ್ನು ಬರೆಯಬಾರದು. ಅದನ್ನೂ ಬರೆದರೆ ಚಿತ್ರ ಗೋಡೆಯಿಂದ ಇಳಿದು ಬೀದಿಗೆ ಬಂದುಬಿಡುತ್ತದೆ. ಕಣ್ಣು ಬರೆದ ಮೇಲಂತೂ ಇನ್ನೊಂದು ಗೆರೆಯೂ ಅದಕ್ಕೆ ಹತ್ತುವುದಿಲ್ಲ.

ಆ ಊರಿನಲ್ಲಿ ಸಿರಿಯವ್ವೆ ಎಂಬ ಚಿತ್ರಗಾರ್ತಿಯಿದ್ದಳು. ತಾಯಿತಂದೆ ಇಲ್ಲದ ತಮ್ಮ ಮಾಚನನ್ನು ಸಾಕಿದವಳು ಅವಳೇ, ಕೈಹಿಡಿದು ಕುಂಚ ಕಲಿಸಿದವಳೂ ಅವಳೇ. ಮಾಚ ಮರೆತು ಕಿರುಬೆರಳು ಬರೆದಾಗಲೆಲ್ಲ ಗೆಣ್ಣಿನ ಮೇಲೆ ಕುಂಚದ ಕಡ್ಡಿಯಿಂದ ಒಂದು ಬಿಡುತ್ತಿದ್ದಳು. ಕೊನೆಗೆ ಅವನ ಕೈ ಆ ಬೆರಳನ್ನು ತಾನಾಗಿಯೇ ಬಿಟ್ಟು ಬರೆಯತೊಡಗಿತು.

ಒಂದು ವರ್ಷ ರಾಜ್ಯದಲ್ಲಿ ಬಣ್ಣಗಳು ಕಳುವಾಗತೊಡಗಿದವು. ಇಂದು ಮಾವಿನ ಹಸಿರು ಮಾಯ, ನಾಳೆ ಮದುಮಗಳ ಸೀರೆಯ ಕೆಂಪು ಮಾಯ. ಕಳ್ಳ ಯಾರೆಂದು ಯಾರಿಗೂ ತಿಳಿಯದು. ಸಿರಿಯವ್ವೆ ಸುಮ್ಮನೆ ತಮಾಷೆಗೆ ಒಬ್ಬ ಬಣ್ಣಗಳ್ಳನನ್ನು ಬರೆದಳು. ಸೋರೆಕಾಯಿಯಂಥ ಮೂಗು, ಆ ಮೂಗಿನಿಂದಲೇ ಬಣ್ಣ ಹೀರುವವನು. ಊರೆಲ್ಲ ನಕ್ಕಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕರಿಬಂಡೆಯ ಗವಿಯಲ್ಲಿದ್ದ ಮಸಿಯಪ್ಪನೆಂಬ ಮಾಂತ್ರಿಕ ತನ್ನ ಮೂಗು ಮುಟ್ಟಿ ನೋಡಿಕೊಂಡ. ಸುಂಟರಗಾಳಿಯಾಗಿ ಬಂದ, ಸಿರಿಯವ್ವೆಯನ್ನು ಎತ್ತಿಕೊಂಡು ಹೋದ.

ಅಕ್ಕನನ್ನು ಕರೆತರುತ್ತೇನೆಂದು ಮಾಚ ಬಣ್ಣದ ಕರಟಗಳನ್ನು ಕಟ್ಟಿಕೊಂಡು ಹೊರಟ.

ದಾರಿಯಲ್ಲಿ ಬಿಳಿಚಿಕೊಂಡ ಹುಲಿಯೊಂದು ಅಡ್ಡ ನಿಂತಿತು. "ಮಸಿಯಪ್ಪ ನನ್ನ ಬಣ್ಣ ಹೀರಿದ. ಜಿಂಕೆಗಳೂ ನನ್ನ ನೋಡಿ ನಗ್ತವೆ. ಹಳದಿ ಕೊಡ್ತೀಯೋ, ನಿನ್ನ ತಿನ್ನಲೋ?" ಮಾಚ ಅರಿಶಿನದ ಕರಟವನ್ನೇ ಅದರ ಮೈಗೆ ಬಳಿದ. ಹುಲಿ ಹಿಗ್ಗಿ ಗವಿಯ ದಾರಿ ತೋರಿಸಿತು.

ಮುಂದೆ ಬೂದುಗುಂಬಳದಂತೆ ಬೆಳ್ಳಗಾದ ಆನೆ ಅಡ್ಡ ನಿಂತಿತು. ಮಾಚ ಕಾಡಿಗೆಯ ಕರಟ ಸುರಿದ. ಆನೆ ಹೇಳಿತು: "ಗವಿಯ ಬಂಡೆಯ ಮೇಲೆ ಮಸಿಯಪ್ಪ ಒಂದು ದೀಪ ಬರೆದಿಟ್ಟಿದ್ದಾನೆ. ಅವನ ಪ್ರಾಣ ಅದರಲ್ಲಿದೆ. ಚಿತ್ರದ ದೀಪವನ್ನ ಚಿತ್ರವೇ ಆರಿಸಬೇಕು, ನಮ್ಮ ಉಸಿರು ಅದಕ್ಕೆ ತಾಗದು."

ಗವಿಯ ಬಾಯಲ್ಲಿ ಬಣ್ಣಗೆಟ್ಟ ಗಿಣಿಯೊಂದು ಹಾದಿ ಕಟ್ಟಿತು. ಮಾಚ ಹಸಿರಿನ ಕರಟ ಕೊಟ್ಟ. ಗಿಣಿ ಹೇಳಿತು: "ಒಳಗೆ ಹೋದವನೇ ಒಂದು ಗುಬ್ಬಿ ಬರೆ. ಅದು ರೆಕ್ಕೆ ಬೀಸಿದರೆ ದೀಪ ಆರುತ್ತೆ. ದೀಪ ಆರಿದರೆ ಅವನು ಗೆರೆಯಾಗಿಸಿ ಬಂಡೆಗೆ ಅಂಟಿಸಿದವರೆಲ್ಲ ತಾವೇ ಇಳಿದು ಬರ್ತಾರೆ. ಮೊದಲು ದೀಪ, ಆಮೇಲೆ ಅಕ್ಕ. ಆತುರಗಾರನಿಗೆ ಬುದ್ಧಿ ಮಟ್ಟ, ನೆನಪಿಟ್ಟುಕೋ."

"ಅಷ್ಟೂ ತಿಳಿಯದವನೇ ನಾನು?" ಎಂದ ಮಾಚ.

ಒಳಗೆ ಹೋದ. ಬಂಡೆಯ ತುಂಬ ಜನ, ಬರೀ ಗೆರೆಗಳಾಗಿ ಅಂಟಿಕೊಂಡಿದ್ದರು. ದೀಪ ಮೂಲೆಯಲ್ಲಿ ಉರಿಯುತ್ತಿತ್ತು. ದೀಪದ ಪಕ್ಕದಲ್ಲೇ ಅಕ್ಕ. ಅವಳ ಹುಬ್ಬು ಆಗಲೇ ಅಳಿಸಿಹೋಗಿತ್ತು, ತುಟಿಯ ಗೆರೆ ಮಸುಕಾಗುತ್ತಿತ್ತು. ಮಾಚ ಅಕ್ಕನ ಬಳಿಗೆ ಓಡಿದ. ಗುಬ್ಬಿಯೂ ಮರೆತುಹೋಯಿತು, ಗಿಣಿಯ ಮಾತೂ ಮರೆತುಹೋಯಿತು. ಉಳಿದಿದ್ದ ಕೆಮ್ಮಣ್ಣು, ಸುಣ್ಣ ತೆಗೆದು ಅಕ್ಕನ ಮೇಲೆಯೇ ಅಕ್ಕನನ್ನು ಬರೆಯತೊಡಗಿದ. ಹುಬ್ಬು ಬರೆದ, ತುಟಿ ಬರೆದ, ಸೀರೆಯ ನೆರಿಗೆ ಬರೆದ, ಕಾಲು ಬರೆದ. ಅಳುತ್ತಲೇ ಕಣ್ಣು ಬರೆದ.

ಸಿರಿಯವ್ವೆ ಕಣ್ಣು ಬಿಟ್ಟಳು. ಅಷ್ಟರಲ್ಲಿ ಮಸಿಯಪ್ಪ ಗವಿಯ ಬಾಯಲ್ಲಿ ಗುಡುಗಿದ.

"ಅಕ್ಕಾ, ಆ ದೀಪ ಊದು!" ಎಂದು ಮಾಚ ಕೂಗಿದ.

ಅವಳು ಉಫ್ ಎಂದಳು. ದೀಪ ಆರಿತು. ಮಸಿಯಪ್ಪ ನಿಂತಲ್ಲೇ ಕರಗಿ, ಚೆಲ್ಲಿದ ಮಸಿಯಾಗಿ ಹರಿದುಹೋದ. ಬಂಡೆಯಲ್ಲಿದ್ದವರೆಲ್ಲ ಮೈಕೊಡವಿಕೊಂಡು ಒಬ್ಬೊಬ್ಬರಾಗಿ ಇಳಿದರು. ತಾಯಂದಿರು, ಮಕ್ಕಳು, ಒಬ್ಬ ಕೊಡೆ ಹಿಡಿದ ಶಾನುಭೋಗ, ಎಲ್ಲರೂ.

"ನೀನೂ ಬಾ ಅಕ್ಕ," ಎಂದು ಮಾಚ ಕೈ ಚಾಚಿದ.

ಅವಳು ಹೆಜ್ಜೆ ಎತ್ತಿದಳು. ಹೆಜ್ಜೆ ಬಂಡೆಯಿಂದ ಹೊರಗೆ ಬರಲಿಲ್ಲ. ಇಬ್ಬರೂ ಅವಳ ಎಡಗಾಲನ್ನು ನೋಡಿದರು. ನಾಲ್ಕೇ ಬೆರಳುಗಳಿದ್ದವು.

ಮಾಚ ಕುಂಚ ಅದ್ದಿ ಬೆರಳು ಬರೆದ. ಬಣ್ಣ ಜಾರಿ ಕೆಳಗಿಳಿಯಿತು. ಮತ್ತೆ ಬರೆದ, ಮತ್ತೆ ಜಾರಿತು. ಉಳಿದವರು ಮಾಂತ್ರಿಕನ ಕಟ್ಟಿನಲ್ಲಿದ್ದರು, ಕಟ್ಟು ಹರಿಯಿತು. ಅಕ್ಕ ಈಗ ತಮ್ಮನು ಬರೆದ ಚಿತ್ರ. ಆ ಕಟ್ಟನ್ನು ಬಿಚ್ಚುವ ಮಂತ್ರ ಯಾವ ಲೋಕದಲ್ಲೂ ಇರಲಿಲ್ಲ.

ಮಾಚ ಹಣೆಯನ್ನು ಬಂಡೆಗೆ ಚಚ್ಚಿಕೊಂಡು ಅತ್ತ. "ಒಂದು ಗುಬ್ಬಿ ಬರೆದಿದ್ರೆ ಸಾಕಿತ್ತಲ್ಲಕ್ಕ! ಒಂದೇ ಒಂದು ಗುಬ್ಬಿ!"

"ಅಳಬೇಡ ಕಣೋ. ಹೊಡೆದು ಹೊಡೆದು ಕಲಿಸಿದವಳು ನಾನೇ ಅಲ್ವೇ? ಪಾಠ ಇಷ್ಟು ಚೆನ್ನಾಗಿ ಕಲಿತಿದ್ದೀಯ ಅಂತ ಗೊತ್ತಿರಲಿಲ್ಲ," ಎಂದಳು ಸಿರಿಯವ್ವೆ. ನಗಲು ನೋಡಿದಳು. ನಗು ಪೂರ್ತಿ ಬರಲಿಲ್ಲ.

ಗವಿಯಲ್ಲೇ ಬಿಟ್ಟು ಬರಲಾದೀತೇ? ಬಿಡುಗಡೆಯಾದವರೆಲ್ಲ ತಮ್ಮ ಪಂಚೆ, ಸೀರೆ, ಉತ್ತರೀಯಗಳನ್ನು ಸಾಲಾಗಿ ಹಿಡಿದು ನಿಂತರು. ಹಿಂದಿನವರು ಓಡಿ ಓಡಿ ಮುಂದೆ ಹೋಗಿ ಹಿಡಿದರು. ಸಿರಿಯವ್ವೆ ಬಟ್ಟೆಯಿಂದ ಬಟ್ಟೆಗೆ ನಡೆಯುತ್ತ, ಬೆಟ್ಟ ಇಳಿದು, ಹೊಳೆ ದಾಟಿ, ಚಿತ್ತಾರಪುರದ ಗೋಡೆ ಸೇರಿದಳು.

ರಾಜ್ಯಕ್ಕೆ ಬಣ್ಣಗಳೆಲ್ಲ ಮರಳಿದವು. ಮಾವು ಹಸಿರಾಯಿತು, ಮದುಮಗಳು ಕೆಂಪು ಸೀರೆ ಉಟ್ಟಳು, ರಾಜ ಊರಿಗೆಲ್ಲ ಹೋಳಿಗೆ ಹಾಕಿಸಿದ. ಸಿರಿಯವ್ವೆ ಚೌಕದಿಂದ ಚೌಕಕ್ಕೆ ಹೋಗಿ ಸುದ್ದಿಗಳನ್ನು ಅಣಕಿಸಿ ಊರನ್ನು ನಗಿಸಿದಳು. ಎಲ್ಲರೂ ಬಹುಕಾಲ ಸುಖವಾಗಿ ಬಾಳಿದರು. ಮಿಂಚಿ ಹೋದುದಕ್ಕೆ ಚಿಂತಿಸಿ ಫಲವಿಲ್ಲ ಎಂದು ಮಾಚನಿಗೆ ಬುದ್ಧಿ ಹೇಳುವಷ್ಟು ಸುಖವಾಗಿದ್ದರು.

ಮಾಚನಿಗೆ ಮದುವೆಯಾಯಿತು, ಮಕ್ಕಳಾದರು, ಕೂದಲು ನರೆಯಿತು. ಅಕ್ಕನಿಗೆ ವಯಸ್ಸಾಗಲಿಲ್ಲ. ಸಂಜೆಯಾದರೆ ಅವನು ಗೋಡೆಗೆ ತಲೆ ಒರಗಿಸಿ ಕೂರುತ್ತಿದ್ದ.

"ಏನೋ ಇದು, ತಲೆ ಕಾಗೆಗೂಡಾಗಿದೆ! ಇತ್ತ ಬಾ," ಎಂದು ಅವಳು ಗೋಡೆಯೊಳಗಿನಿಂದಲೇ ಬಾಚಣಿಗೆ ಆಡಿಸುತ್ತಿದ್ದಳು. ಒಂದು ಎಳೆಯೂ ಅಲುಗುತ್ತಿರಲಿಲ್ಲ. ಅವಳು "ಆಯ್ತು, ಏಳು" ಎನ್ನುವವರೆಗೂ ಮಾಚ ಕಣ್ಣು ಮುಚ್ಚಿ ಕುಳಿತಿರುತ್ತಿದ್ದ.

ಆ ಕೆದರಿದ ತಲೆಯಲ್ಲೇ ಮನೆಗೆ ಹೋಗುತ್ತಿದ್ದ. ಹೆಂಡತಿ ಬಾಚಣಿಗೆ ತಂದರೆ, "ಬೇಡ ಬಿಡೇ, ಈಗ ತಾನೇ ಅಕ್ಕ ಬಾಚಿದ್ದಾಳೆ," ಎನ್ನುತ್ತಿದ್ದ.