ಕಲ್ಲಾದ ಮುನ್ನೂರು ಜನ

ಬಹಳ ಹಿಂದೆ, ಏಳು ಬೆಟ್ಟಗಳ ಆಚೆ, ತಾರಾಗಿರಿ ಎಂಬ ರಾಜ್ಯದಲ್ಲಿ ದೊಡ್ಡದೊಂದು ಕೆರೆ ಕಟ್ಟುತ್ತಿದ್ದರು. ಮೇಸ್ತ್ರಿಯ ಹೆಸರು ಗಿರಿಯಣ್ಣ. ಅಲ್ಲಿನ ಪದ್ಧತಿ ಹೀಗಿತ್ತು: ಕೆಲಸದಲ್ಲಿ ತಪ್ಪು ಕಂಡರೆ ಮೇಸ್ತ್ರಿ ಅಲ್ಲಿ ಸುಣ್ಣದ ಗೆರೆ ಎಳೆಯಬೇಕು. ತಪ್ಪಿಲ್ಲದಿದ್ದರೆ ಸುಮ್ಮನೆ ಮುಂದೆ ಹೋಗಬೇಕು. ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳುವ ರೂಢಿಯೇ ಇರಲಿಲ್ಲ.

ಇದನ್ನು ಕಂಡ ಮಾಂತ್ರಿಕನೊಬ್ಬ ಎರಡು ತಲೆಯ ಹುಲಿಯ ಮೇಲೆ ಅರಸನ ಬಳಿ ಬಂದ. "ಯಾರ ಕೆಲಸವನ್ನು ಒಬ್ಬರೂ ಮೆಚ್ಚಿ ಮಾತಾಡಿಲ್ಲವೋ ಅವರನ್ನು ನನಗೆ ಕೊಡು" ಎಂದ.

ಅರಸ ನಕ್ಕ. "ಅಂಥವರು ಎಷ್ಟು ಮಂದಿ ಇದ್ದಾರು? ತೆಗೆದುಕೋ."

ಮರುದಿನ ಕೆರೆಯ ಏರಿಯ ಮೇಲೆ ಮುನ್ನೂರು ಜನ ನಿಂತಲ್ಲೇ ಕಲ್ಲಾದರು. ಅರಸ ಹೊಗಳುತ್ತಿದ್ದ ಗಿರಿಯಣ್ಣನೊಬ್ಬನೇ ಉಳಿದ. ಮಳೆಗೆ ಮೂರೇ ದಿನ ಬಾಕಿ. ಏರಿ ಅರ್ಧಕ್ಕೆ ನಿಂತರೆ ಊರು ಮುಳುಗುತ್ತದೆ. ಅವರನ್ನು ಬಿಡು ಎಂದು ಗಿರಿಯಣ್ಣ ಮಾಂತ್ರಿಕನನ್ನು ಬೇಡಿಕೊಂಡ.

"ನಾನು ತೋರಿಸುವ ಮೂವರನ್ನು ಮೆಚ್ಚುವ ಮಾತಿನಿಂದ ಎಬ್ಬಿಸು, ಎಲ್ಲರನ್ನೂ ಬಿಡುತ್ತೇನೆ" ಎಂದ ಮಾಂತ್ರಿಕ. "ಮಾತು ಪೊಳ್ಳಾದರೆ, ತಡವಾದರೆ ನೀನೂ ಕಲ್ಲಾಗುತ್ತಾ ಹೋಗುತ್ತೀಯೆ."

ಮೊದಲು ಮಣ್ಣು ತುಳಿಯುವ ನಿಂಗವ್ವ.

"ಚೆನ್ನಾಗಿ ಕೆಲಸ ಮಾಡ್ತಾಳೆ" ಎಂದ ಗಿರಿಯಣ್ಣ.

"ಉಹೂಂ" ಎಂದಿತು ಹುಲಿಯ ಎಡದ ತಲೆ. "ಈ ಮಾತನ್ನು ಎತ್ತಿಗೂ ಹೇಳಬಹುದು."

ಗಿರಿಯಣ್ಣನ ಕಾಲು ಮೊಣಕಾಲಿನವರೆಗೆ ಕಲ್ಲಾಯಿತು. ಅವನು ಯೋಚಿಸಿದ. "ನಿಂಗವ್ವ, ಮಣ್ಣಿನ ಹದ ನಿನ್ನ ಅಂಗಾಲಿಗೆ ಗೊತ್ತು. ನೀನು ತುಳಿದ ಮಣ್ಣು ಎಲ್ಲೂ ಬಿರುಕು ಬಿಟ್ಟಿಲ್ಲ."

"ಹೂಂ" ಎಂದಿತು ಬಲದ ತಲೆ. ನಿಂಗವ್ವ ಉಸಿರೆಳೆದಳು.

ಎರಡನೆಯವನು ಕಲ್ಲುಕುಟಿಗ ಕಾಟಯ್ಯ. ಅವನಿಗೂ ಮೇಸ್ತ್ರಿಗೂ ದಿನಾ ಜಗಳ. ಅವನನ್ನು ಮೆಚ್ಚಲು ಗಿರಿಯಣ್ಣನಿಗೆ ಮನಸ್ಸಾಗುವಷ್ಟರಲ್ಲಿ ಮೈ ಸೊಂಟದವರೆಗೆ ಕಲ್ಲಾಯಿತು. ಕೊನೆಗೆ ನುಡಿದ: "ಕಾಟಯ್ಯ, ನೀರು ಬಿಡುವ ತೂಬಿನ ಕಲ್ಲನ್ನು ನೀನು ಕೂರಿಸಿದ ಹಾಗೆ ಕೂರಿಸುವುದು ನನ್ನ ಕೈಲಿ ಆಗುತ್ತಿರಲಿಲ್ಲ."

"ಹೂಂ."

ಕಾಟಯ್ಯ ಕಣ್ಣುಬಿಟ್ಟ. "ಇದನ್ನು ಹೇಳೋಕೆ ಹುಲಿ ಬರಬೇಕಿತ್ತಾ ಮೇಸ್ತ್ರಿ?"

ಮೂರನೆಯವಳು ನೀರು ಕೊಡುವ ಮುದುಕಿ. ಅವಳು ಒಂದು ದಿನವೂ ತಪ್ಪು ಮಾಡಿರಲಿಲ್ಲ. ಹಾಗಾಗಿ ಗಿರಿಯಣ್ಣ ಅವಳ ಹೆಸರನ್ನೇ ಕೇಳಿರಲಿಲ್ಲ. ಮಾತು ಹುಡುಕುತ್ತಿದ್ದಂತೆ ಎದೆ ಕಲ್ಲಾಯಿತು, ಭುಜ ಕಲ್ಲಾಯಿತು.

"ತಾಯಿ, ನಿನ್ನ ಹೆಸರು ನನಗೆ ತಿಳಿಯದು" ಎಂದ. "ಏಳು ವರ್ಷ ನಿನ್ನ ಕೈಯ ನೀರು ಕುಡಿದೆ. ಉರಿಬಿಸಿಲಲ್ಲೂ ಅದು ತಣ್ಣಗಿರುತ್ತಿತ್ತು. ಅದು ಹೇಗೆ ಅಂತ ಒಮ್ಮೆಯೂ ಕೇಳಲಿಲ್ಲ. ನನ್ನದು ತಪ್ಪಾಯಿತು."

ಹುಲಿಯ ಎರಡು ತಲೆಗಳೂ ತಗ್ಗಿದವು. "ಹೂಂ."

"ಚೌಡಜ್ಜಿ ಅಂತಾರೆ ಕಣಪ್ಪ" ಎಂದಳು ಮುದುಕಿ. "ಮಡಕೆಗೆ ಬಟ್ಟೆ ಸುತ್ತಿ ಆಗಾಗ ನೆನೆಸ್ತಿರ್ತೀನಿ, ಅಷ್ಟೇ." ಹೇಳುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮುನ್ನೂರು ಜನರೂ ಎದ್ದರು. ಗಿರಿಯಣ್ಣನ ಮೈ ಸಡಿಲವಾಯಿತು. ಮಾಂತ್ರಿಕನನ್ನು ಮೆಚ್ಚಿ ಮಾತಾಡಿದವರು ಲೋಕದಲ್ಲಿ ಒಬ್ಬರೂ ಇರಲಿಲ್ಲ. ಆ ಮುನ್ನೂರು ಜನ ಕೈತಪ್ಪಿದ ಮೇಲೆ, ಅರಸನಿಂದ ಅವನು ಪಡೆದ ವರ ಅವನನ್ನೇ ಹಿಡಿಯಿತು, ನಿಂತಲ್ಲೇ ಕಲ್ಲಾದ. ಹುಲಿ ಕಾಡಿಗೆ ಹೋಯಿತು.

ಮೂರನೆಯ ದಿನ ಏರಿ ಮುಗಿಯಿತು. ಮೊದಲ ಹನಿಗಳು ಬೀಳುತ್ತಿದ್ದಾಗ ಗಿರಿಯಣ್ಣ ಏರಿಯ ಆ ತುದಿಯಿಂದ ಈ ತುದಿಯವರೆಗೆ ನಡೆದ. ಒಬ್ಬೊಬ್ಬರ ಮುಂದೆಯೂ ನಿಂತು ಹೆಸರು ಕೇಳಿ, ಅವರ ಕೆಲಸ ಹೇಳಿ, ಕೈಮುಗಿದ. ಯಾರೂ ಮಳೆಗೆ ಓಡಲಿಲ್ಲ. ತಮ್ಮ ಸರದಿ ಬರುವವರೆಗೆ ಎಲ್ಲರೂ ನೆನೆಯುತ್ತಲೇ ನಿಂತಿದ್ದರು. ಕೆರೆ ತುಂಬಿತು, ಊರು ಉಳಿಯಿತು, ಅವರೆಲ್ಲ ಬಹುಕಾಲ ನೆಮ್ಮದಿಯಿಂದ ಬಾಳಿದರು.